ಸಂಸತ್ತಿನ ಒಂದು ದಿನ: ಜಲಾಶಯಶಾಸ್ತ್ರದ ದೃಷ್ಟಿಯಲ್ಲಿ

1. ವ್ಯಾಖ್ಯೆ ಮತ್ತು ವ್ಯಾಪ್ತಿ

ಪ್ರಶ್ನೋತ್ತರವೆಂದರೆ ಸಂಸತ್ತಿನ ಒಳಹರಿವು ಮತ್ತು ಹೊರಹರಿವಿನ ಲೆಕ್ಕ. ಸದಸ್ಯರು ಕೇಳಿದ್ದು ಒಳಹರಿವು, ಸಚಿವರು ಬಿಟ್ಟುಕೊಟ್ಟದ್ದು ಹೊರಹರಿವು, ಎರಡರ ನಡುವೆ ಉಳಿದದ್ದು ಸಂಗ್ರಹ. ಒಳಹರಿವು ಪ್ರತಿದಿನವೂ ಇದ್ದು ಹೊರಹರಿವು ಹನಿ ಲೆಕ್ಕದಲ್ಲಿ ಇರುವುದರಿಂದ ಸಂಗ್ರಹ ಏರುತ್ತಲೇ ಇರುತ್ತದೆ. ಆದ್ದರಿಂದ ಸಂಸತ್ತನ್ನು ಜಲಾಶಯಗಳ ವರ್ಗಕ್ಕೆ ಸೇರಿಸಬೇಕೆಂಬುದು ಈ ಶಾಸ್ತ್ರದ ಮೂಲ ಸಿದ್ಧಾಂತ. ಇದರ ಅಳತೆಗೋಲು ಮಾರಿಕಣಿವೆ.

ಮಾರಿಕಣಿವೆಯನ್ನು ಪ್ರಮಾಣವಾಗಿ ಹಿಡಿಯಲು ಮೂರು ಕಾರಣಗಳಿವೆ. ಮೊದಲನೆಯದು ಅನುಭವ. ಹಿರಿಯೂರು ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿರುವ ಈ ವಾಣಿವಿಲಾಸ ಸಾಗರದ ಗರಿಷ್ಠ ಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. 1907ರಲ್ಲಿ ಕಟ್ಟೆ ಮುಗಿಯಿತು. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲ 2022ರಲ್ಲಿ. ನಡುವಿನ 89 ವರ್ಷ ‘ಈ ಸಲ ತುಂಬಬಹುದು’ ಎಂಬ ಒಂದೇ ಮಾತನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಜನಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಕಾರಣ ಭೌಗೋಳಿಕ. ಗುಡ್ಡದ ಮೇಲೆ ನಿಂತು ನೋಡಿದರೆ ಹಿನ್ನೀರು ಭಾರತದ ನಕ್ಷೆಯಂತೆ ಕಾಣುತ್ತದೆಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ. ರಾಷ್ಟ್ರೀಯ ಸಂಸ್ಥೆಯೊಂದರ ಅಧ್ಯಯನಕ್ಕೆ ಇದಕ್ಕಿಂತ ಅಧಿಕೃತ ಸ್ಥಳ ದೊರೆಯದು. ಮೂರನೆಯದು ಭದ್ರಾ ಮೇಲ್ದಂಡೆ ಯೋಜನೆ. ಅದರ ವಿಚಾರ ಐದನೆಯ ಪ್ರಕರಣದಲ್ಲಿ ವಿವರವಾಗಿ ಬರುತ್ತದೆ.

2. ಐತಿಹಾಸಿಕ ಹಿನ್ನೆಲೆ

ಆಳುವವರನ್ನು ಪ್ರಶ್ನೆ ಕೇಳುವ ಪದ್ಧತಿ ಮೈಸೂರು ಸೀಮೆಗೆ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಮೊದಲ ಸಭೆಗೆ 144 ಮಂದಿ ಬಂದರು. ರೈತರು, ವರ್ತಕರು ದಸರೆಗೆಂದು ಮೈಸೂರಿಗೆ ಹೋಗಿ, ದಿವಾನರ ಭಾಷಣ ಕೇಳಿ, ತಮ್ಮ ಅಹವಾಲು ಹೇಳಿಕೊಂಡು ಬರುವ ಏರ್ಪಾಡು ಅದು. ಮತ ಹಾಕಿ ಏನನ್ನೂ ತೀರ್ಮಾನಿಸುವ ಅಧಿಕಾರ ಸಭೆಗೆ ಇರಲಿಲ್ಲ. ಅಹವಾಲಿಗೆ ಉತ್ತರ ಸಿಗದವರಿಗೂ ಜಂಬೂಸವಾರಿ ತಪ್ಪುತ್ತಿರಲಿಲ್ಲ. ಮುಂದಿನ ಶಾಸನಸಭೆಗಳು ಅಹವಾಲನ್ನು ಉಳಿಸಿಕೊಂಡು ಜಂಬೂಸವಾರಿಯನ್ನು ಕೈಬಿಟ್ಟವು. ಇದನ್ನು ಪ್ರಜಾಪ್ರಭುತ್ವದ ವಿಕಾಸವೆಂದು ಪಠ್ಯಗಳು ಕರೆಯುತ್ತವೆ.

ಬ್ರಿಟಿಷ್ ಭಾರತದಲ್ಲಿ 1892ರ ಕಾಯಿದೆ ಶಾಸನ ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಕೊಟ್ಟಿತು, ಆದರೆ ಉಪಪ್ರಶ್ನೆಯ ಹಕ್ಕನ್ನು ಕೊಡಲಿಲ್ಲ. ಕೇಳಬಹುದು, ಉತ್ತರ ಅರ್ಥವಾಗದಿದ್ದರೆ ಮತ್ತೆ ಕೇಳುವಂತಿಲ್ಲ. ಮೂಲ ಪ್ರಶ್ನೆ ಕೇಳಿದವರಿಗೆ ಉಪಪ್ರಶ್ನೆಯ ಅವಕಾಶ ಸಿಕ್ಕಿದ್ದು 1909ರಲ್ಲಿ. ಈ ಎರಡು ಇಸವಿಗಳ ನಡುವೆಯೇ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1898ರಲ್ಲಿ ಮಾರಿಕಣಿವೆಯ ಕೆಲಸ ಶುರುವಾಯಿತು. ಕಟ್ಟೆ ಮುಗಿದ 1907ರಲ್ಲೇ ಮೈಸೂರು ಶಾಸನ ಪರಿಷತ್ತೂ ಸ್ಥಾಪನೆಯಾಯಿತು. ಒಂದೇ ಸಂಸ್ಥಾನದಲ್ಲಿ, ಒಂದೇ ವರ್ಷದಲ್ಲಿ, ನೀರು ನಿಲ್ಲಿಸಲು ಒಂದು, ಮಾತು ನಿಲ್ಲಿಸಲು ಒಂದು ಜಲಾಶಯ ಸಿದ್ಧವಾದದ್ದನ್ನು ಕಾಕತಾಳೀಯವೆಂದು ತಳ್ಳಿಹಾಕುವವರು ಶಾಸ್ತ್ರಜ್ಞರೆನಿಸಲಾರರು.

1952ರಲ್ಲಿ ಮೊದಲ ಲೋಕಸಭೆಗೆ ಚಿತ್ರದುರ್ಗದಿಂದ ಆಯ್ಕೆಯಾದವರು ಎಸ್. ನಿಜಲಿಂಗಪ್ಪ. 1956ರಲ್ಲಿ ಅವರು ವಿಶಾಲ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಅಂದರೆ ಪ್ರಶ್ನೆ ಕೇಳುವ ಕಡೆಯಿಂದ ಉತ್ತರ ಕೊಡುವ ಕಡೆಗೆ ದಾಟಿದರು. ಈಗ ಈ ಕ್ಷೇತ್ರದಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರುಗಳ ಜೊತೆ ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡವೂ ಸೇರಿವೆ. ಎಂಟೂ ಕಡೆ ಕೇಳುವ ಪ್ರಶ್ನೆ ಒಂದೇ ಆದ್ದರಿಂದ ಕ್ಷೇತ್ರ ಪುನರ್ವಿಂಗಡಣೆಯಿಂದ ಅಧ್ಯಯನಕ್ಕೆ ತೊಂದರೆಯಾಗಿಲ್ಲ.

3. ಒಳಹರಿವು: ಪ್ರಶ್ನೆಯ ಲಕ್ಷಣಗಳು

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ರಹಿತವು ಪಟ್ಟಿಗೆ ಏರುತ್ತವೆ. ಕನಿಷ್ಠ 15 ದಿನ ಮುಂಚೆ ಸೂಚನೆ ಕೊಡಬೇಕು. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಸಚಿವಾಲಯಗಳನ್ನು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಒಂದೊಂದು ಗುಂಪನ್ನು ಗೊತ್ತುಪಡಿಸಲಾಗಿದೆ. ಹೀಗಾಗಿ ನೀರಿನ ಸಚಿವರನ್ನು ರೈಲಿನ ದಿನ ನೀರಿನ ವಿಚಾರವಾಗಿ ಕೇಳುವಂತಿಲ್ಲ. ದಾಹ ಆ ದಿನದ ಗುಂಪಿಗೆ ಸೇರಿರಬೇಕು.

ಪ್ರಶ್ನೆ ಹೇಗಿರಬೇಕು ಎಂಬುದಕ್ಕಿಂತ ಹೇಗಿರಬಾರದು ಎಂಬ ಬಗ್ಗೆ ಲೋಕಸಭೆಯ ನಿಯಮಾವಳಿ ಹೆಚ್ಚು ಸ್ಪಷ್ಟವಾಗಿದೆ. 41ನೆಯ ನಿಯಮದಂತೆ ಪ್ರಶ್ನೆ 150 ಪದ ಮೀರಬಾರದು. ಅದರಲ್ಲಿ ವಾದ ಇರಬಾರದು, ಊಹೆ ಇರಬಾರದು, ಆರೋಪ ಇರಬಾರದು, ವ್ಯಂಗ್ಯವೂ ಇರಬಾರದು. ಅಭಿಪ್ರಾಯ ಕೇಳಬಾರದು. ಕ್ಷುಲ್ಲಕ ವಿಷಯ ಎತ್ತಬಾರದು. ಒಂದು ಉತ್ತರದ ಮಿತಿಯಲ್ಲಿ ಹಿಡಿಸದಷ್ಟು ದೊಡ್ಡ ನೀತಿಯ ವಿಷಯವನ್ನೂ ಎತ್ತಬಾರದು. ಈಗಾಗಲೇ ಉತ್ತರ ಕೊಟ್ಟಿರುವ ಪ್ರಶ್ನೆಯ ಸಾರವನ್ನೇ ಮತ್ತೆ ಕೇಳಬಾರದು. ಈ ಎಲ್ಲ ಜರಡಿಗಳನ್ನು ದಾಟಿ ಬಂದ ಪ್ರಶ್ನೆಯಲ್ಲಿ ಹೂಳು ಇರುವುದಿಲ್ಲ. ಬಯಲುಸೀಮೆಯ ರೈತರೊಬ್ಬರು ಸಹಜವಾಗಿ ಕೇಳುವ ‘ನೀರು ಯಾವಾಗ ಬರುತ್ತೆ ಸ್ವಾಮಿ, ನಾವು ಸತ್ತ ಮೇಲಾ?’ ಎಂಬ ವಾಕ್ಯವನ್ನು ಈ ನಿಯಮಕ್ಕೆ ಒಡ್ಡಿದರೆ ಅದರಲ್ಲಿ ಊಹೆ, ವ್ಯಂಗ್ಯ ಮತ್ತು ಪುನರಾವರ್ತನೆ ಮೂರೂ ಒಟ್ಟಿಗೆ ಪತ್ತೆಯಾಗುತ್ತವೆ. ನಿಯಮದ ಪ್ರಕಾರ ಸ್ವೀಕಾರಾರ್ಹವಾಗಿ ಉಳಿಯುವುದು ‘ನೀರು’ ಎಂಬ ಒಂದು ಪದ.

4. ಹನ್ನೊಂದು ಗಂಟೆಯ ತೂಬು

ಲೋಕಸಭೆ ಬೆಳಿಗ್ಗೆ 11ಕ್ಕೆ ಸೇರುತ್ತದೆ. ಮೊದಲ ಒಂದು ಗಂಟೆ ಪ್ರಶ್ನೋತ್ತರಕ್ಕೆ ಮೀಸಲು. ರಾಜ್ಯಸಭೆಯಲ್ಲಿ 2014ರಿಂದ ಇದೇ ಗಂಟೆ ಮಧ್ಯಾಹ್ನ 12ಕ್ಕೆ ಬರುತ್ತದೆ. ತೂಬಿನ ಬಳಿ ನೀರುಗಂಟಿ ಇರುವಂತೆ ಪೀಠದಲ್ಲಿ ಸಭಾಧ್ಯಕ್ಷರು ಇರುತ್ತಾರೆ. ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವರ ತೀರ್ಮಾನ. ಸರದಿ ಮೀರಿ ಮಡೆ ತೆಗೆದವರ ಮೈಕು ಒಣಗುತ್ತದೆ.

ಕಾರ್ಯವಿಧಾನ ಸರಳ. ಸಭಾಧ್ಯಕ್ಷರು ಸದಸ್ಯರ ಹೆಸರು ಕರೆಯುತ್ತಾರೆ. ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆ ಮಾತ್ರ ಹೇಳುತ್ತಾರೆ. ಪ್ರಶ್ನೆಯನ್ನು ಓದುವ ಪದ್ಧತಿ ಇಲ್ಲ. ಸಚಿವರು ಎದ್ದು, ಉತ್ತರವನ್ನು ಸದನದ ಮೇಜಿನ ಮೇಲೆ ಇಡಲಾಗಿದೆ ಎನ್ನುತ್ತಾರೆ. ಉತ್ತರವನ್ನು ಓದುವ ಪದ್ಧತಿಯೂ ಇಲ್ಲ. ಹೊರಗಿನವರಿಗೆ ಕೇಳಿಸುವುದು ಒಂದು ಸಂಖ್ಯೆ ಮತ್ತು ಒಂದು ಮೇಜು. ಇದಾದ ಮೇಲೆ ಉಪಪ್ರಶ್ನೆಗಳು. ಮೂಲ ಪ್ರಶ್ನೆಯ ಉತ್ತರವನ್ನು ಅಧಿಕಾರಿಗಳು 15 ದಿನ ಕೂತು ಬರೆದಿರುತ್ತಾರೆ, ಉಪಪ್ರಶ್ನೆಗೆ ಸಚಿವರು ನಿಂತ ಕಾಲಲ್ಲಿ ಹೇಳಬೇಕು. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಗಳು ಕೈಯಿಂದ ಕೈಗೆ ಬರತೊಡಗುವುದು ಆಗಲೇ. ಪಟ್ಟಿಯಲ್ಲಿ 20 ಇದ್ದರೂ ಒಂದು ಗಂಟೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಸಾಮಾನ್ಯವಾಗಿ ನಾಲ್ಕೈದಕ್ಕೆ. ನಾಲೆಯ ಕೊನೆಯ ರೈತರಿಗೆ ಇದರ ಕಾರಣ ಗೊತ್ತಿರುವುದರಿಂದ ಇಲ್ಲಿ ವಿವರಿಸಿಲ್ಲ.

ತೂಬನ್ನೇ ಮುಚ್ಚಿದ ಸಂದರ್ಭಗಳೂ ಉಂಟು. 1962ರ ಯುದ್ಧದ ಹೊತ್ತಿನಲ್ಲಿ ಪ್ರಶ್ನೋತ್ತರ ವೇಳೆಯನ್ನು ಕೈಬಿಡಲಾಗಿತ್ತು. ಕೋವಿಡ್ ಕಾಲದ 2020ರ ಮುಂಗಾರು ಅಧಿವೇಶನದಲ್ಲೂ ಅದು ಇರಲಿಲ್ಲ, ಲಿಖಿತ ಉತ್ತರಗಳು ಮಾತ್ರ ಹರಿದವು. ಆಗಲೂ ಉತ್ತರಗಳ ಸ್ವರೂಪದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂಬುದು ಶಾಸ್ತ್ರಕ್ಕೆ ಮಹತ್ವದ ಸಂಗತಿ: ಸಂಗ್ರಹ ತೂಬನ್ನು ಅವಲಂಬಿಸಿಲ್ಲ.

5. ಉತ್ತರದ ಅಂಗರಚನೆ

ಭದ್ರಾ ಮೇಲ್ದಂಡೆ ಯೋಜನೆಯನ್ನು ಇಲ್ಲಿ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ತುಂಗೆಯಿಂದ ಭದ್ರೆಗೆ 17.4 ಟಿಎಂಸಿ ಅಡಿ ನೀರೆತ್ತಿ, ಅದಕ್ಕೆ ಭದ್ರೆಯ 12.5 ಸೇರಿಸಿ, ಒಟ್ಟು 29.9 ಟಿಎಂಸಿ ಅಡಿ ನೀರನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಕೊಡುವ, 367 ಕೆರೆಗಳನ್ನು ತುಂಬಿಸುವ ಯೋಜನೆ ಇದು. ಇದರಲ್ಲಿ ಮಾರಿಕಣಿವೆಯ ಪಾಲು 2 ಟಿಎಂಸಿ ಅಡಿ. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ ಮಂಡಿಸುತ್ತಾ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಿಸಿದರು. ಘೋಷಣೆ ಅದೇ ದಿನ ಚಿತ್ರದುರ್ಗ ತಲುಪಿತು. ಹಣ ಮಾತ್ರ ಬಂದಿಲ್ಲವೆಂದು ರಾಜ್ಯ ಸರ್ಕಾರ 2024ರಲ್ಲೂ ಹೇಳಿತು, 2025ರಲ್ಲೂ ಹೇಳಿತು.

ಇಂಥ ಯೋಜನೆಯ ಬಗ್ಗೆ ಸಿದ್ಧಪಡಿಸಬಹುದಾದ ಮಾದರಿ ಪ್ರಶ್ನೆ ಹೀಗಿರುತ್ತದೆ: (ಅ) ಯೋಜನೆಗೆ ನೆರವು ಘೋಷಿಸಿರುವುದು ನಿಜವೇ, (ಆ) ನಿಜವಾಗಿದ್ದರೆ ಅದರ ವಿವರಗಳೇನು, (ಇ) ಇದುವರೆಗೆ ಬಿಡುಗಡೆಯಾದ ಮೊತ್ತವೆಷ್ಟು, (ಈ) ಬಿಡುಗಡೆಯಾಗಿಲ್ಲದಿದ್ದರೆ ಕಾರಣಗಳೇನು, (ಉ) ಯಾವಾಗ ಬಿಡುಗಡೆಯಾದೀತು?

ಉತ್ತರದ ಮೊದಲ ಅಂಗ ಪೀಠಿಕೆ. ‘ಜಲವು ರಾಜ್ಯದ ವಿಷಯವಾದ್ದರಿಂದ ಯೋಜನೆಗಳನ್ನು ರೂಪಿಸುವುದು, ಹಣ ಒದಗಿಸುವುದು, ಜಾರಿ ಮಾಡುವುದು ರಾಜ್ಯ ಸರ್ಕಾರಗಳ ಹೊಣೆ’ ಎಂಬ ಅರ್ಥದ ವಾಕ್ಯ ಇದರಲ್ಲಿ ತಪ್ಪದೆ ಇರುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 17ನೆಯ ನಮೂದು ನೀರು. ಕೇಂದ್ರಪಟ್ಟಿಯ 56ನೆಯ ನಮೂದು ಅಂತರರಾಜ್ಯ ನದಿಗಳು. ವೇದಾವತಿ ಚಿಕ್ಕಮಗಳೂರಿನ ಕಡೆ ಹುಟ್ಟಿ, ಹೊಸದುರ್ಗ ಸೀಮೆಯಲ್ಲಿ ಹರಿದು, ಮಾರಿಕಣಿವೆಯಲ್ಲಿ ನಿಂತು, ಮುಂದೆ ಆಂಧ್ರದ ಗಡಿ ದಾಟಿ ತುಂಗಭದ್ರೆಯನ್ನು ಸೇರುವುದರಿಂದ ಅದೇ ನೀರು ಹಣ ಕೇಳುವಾಗ 17ರಲ್ಲೂ ಜಗಳ ಬಂದಾಗ 56ರಲ್ಲೂ ಕಾಣಿಸಿಕೊಳ್ಳುತ್ತದೆ.

ಎರಡನೆಯ ಅಂಗ ಒಟ್ಟುಗೂಡಿಕೆ. ‘(ಅ)ಯಿಂದ (ಉ)ವರೆಗೆ’ ಎಂಬ ತಲೆಬರಹದಡಿ ಐದು ಪ್ರಶ್ನೆಗಳನ್ನು ಕಟ್ಟಿ ಒಂದೇ ಉತ್ತರ ಕೊಡುವುದು. ಇದರಿಂದ (ಇ)ಗೆ ಉತ್ತರ ಬಂತೇ ಇಲ್ಲವೇ ಎಂಬುದು ಮೇಲ್ನೋಟಕ್ಕೆ ತಿಳಿಯದು. ಮೂರನೆಯ ಅಂಗ ಅನುಬಂಧ. ಕೇಳದ ವಿವರಗಳು ಕೋಷ್ಟಕದ ರೂಪದಲ್ಲಿ ವಿಪುಲವಾಗಿ ದೊರೆಯುವ ಸ್ಥಳ ಇದು. ನಾಲ್ಕನೆಯದು ಬಾಲ, ಇದು ಭವಿಷ್ಯತ್ಕಾಲದಲ್ಲಿ ಮುಗಿಯುತ್ತದೆ.

ಉತ್ತರವನ್ನು ಪದಗಳಿಂದ ಅಳೆದರೆ ಮೋಸವಾಗುತ್ತದೆ, ಅಡಿಗಳಲ್ಲಿ ಅಳೆಯಬೇಕು. ಈ ಶಾಸ್ತ್ರ ಒಪ್ಪಿಕೊಂಡಿರುವ ಮಟ್ಟಗಳು ಇವು:

ಡೆಡ್ ಸ್ಟೋರೇಜ್: ‘ಪ್ರಶ್ನೆ ಉದ್ಭವಿಸುವುದಿಲ್ಲ.’ ನೀರಿದೆ, ತೂಬಿಗೆ ಎಟುಕದು.

60 ಅಡಿ: ‘ಮಾಹಿತಿ ಸಂಗ್ರಹಿಸಲಾಗುತ್ತಿದೆ.’ ಕಡತ ಇದೆ ಎಂಬುದಕ್ಕೆ ಮಾತ್ರ ಪ್ರಮಾಣ.

90 ಅಡಿ: ‘ಪರಿಶೀಲನೆಯಲ್ಲಿದೆ.’ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿದೆ.

110 ಅಡಿ: ‘ತಾತ್ವಿಕವಾಗಿ ಒಪ್ಪಲಾಗಿದೆ.’ ಈ ಮಟ್ಟದಲ್ಲಿ ಫ್ಲೆಕ್ಸ್‌ಗಳು ಮೇಲೇಳುತ್ತವೆ.

129 ಅಡಿ: ‘ಬಿಡುಗಡೆಗೆ ಕ್ರಮ ಕೈಗೊಳ್ಳಲಾಗುತ್ತಿದೆ.’ ಅತ್ಯಂತ ಅಪಾಯದ ಮಟ್ಟ. ಇಲ್ಲಿಂದ ಇಳಿದ ಉದಾಹರಣೆಗಳೇ ಹೆಚ್ಚು.

130 ಅಡಿ: ಕೋಡಿ. ಈ ಮಟ್ಟದಲ್ಲಿ ಉತ್ತರ ಓದುವ ಅಗತ್ಯ ಇರುವುದಿಲ್ಲ, ನೀರು ಕಾಣುತ್ತದೆ.

ಈ ಮಾಪನ ಪುಸ್ತಕದಲ್ಲಷ್ಟೇ ಉಳಿದಿಲ್ಲ. ಹಿರಿಯೂರಿನ ಹೋಟೆಲೊಂದರಲ್ಲಿ, ಸಾಯಂಕಾಲದ ಚಹಾ ಹೊತ್ತಿಗೆ, ಅದು ಬಳಕೆಯಲ್ಲಿರುವ ಬಗೆ ಹೀಗೆ:

‘ಏನಂದ್ರಂತಣ್ಣ ಡೆಲ್ಲಿಯಾಗೆ?’

‘ಪರಿಶೀಲನೆ ಮಾಡ್ತಾ ಇದೀವಿ ಅಂದ್ರಂತೆ.’

‘ಹಂಗಾರೆ ತೊಂಬತ್ತಡಿ.’

‘ಹೋದ ಸಲ ನೂರಾ ಹತ್ತಿತ್ತಲ್ಲೋ!’

‘ಎಲೆಕ್ಷನ್ ಮುಗೀತಲ್ಲಣ್ಣ, ಆವಿ ಆಗೈತೆ.’

ಎಲ್ಲ ಜಲಾಶಯಗಳಲ್ಲೂ ನೀರು ಆವಿಯಾಗುತ್ತದೆ. ಬಯಲುಸೀಮೆಯಲ್ಲಿ ಅದು ಬೇಸಿಗೆಯಲ್ಲಿ ಹೆಚ್ಚು. ಸಂಸತ್ತಿನಲ್ಲಿ ಮತ ಎಣಿಕೆ ಮುಗಿದ ಮರುದಿನದಿಂದ ಹೆಚ್ಚು.

6. ಶೂನ್ಯ ವೇಳೆ ಮತ್ತು ಮಧ್ಯಾಹ್ನ

ಪ್ರಶ್ನೋತ್ತರ ಮುಗಿದ ಮೇಲೆ ಕಾಗದಪತ್ರಗಳ ಮಂಡನೆ, ನಂತರ ಶೂನ್ಯ ವೇಳೆ. ನಿಯಮಾವಳಿಯಲ್ಲಿ ಶೂನ್ಯ ವೇಳೆ ಎಂಬುದು ಎಲ್ಲೂ ಇಲ್ಲ. ಆದರೂ ಅದು ದಶಕಗಳಿಂದ ನಡೆದುಬಂದಿದೆ. ನಿಯಮದಲ್ಲಿದ್ದೂ ನಡೆಯದವುಗಳ ಸಂಖ್ಯೆ ದೊಡ್ಡದಿರುವುದರಿಂದ ಇದು ಸಮತೋಲನಕ್ಕೆ ಅಗತ್ಯ. ತಮ್ಮ ಕ್ಷೇತ್ರದ ತುರ್ತು ವಿಷಯವನ್ನು ಸದಸ್ಯರು ಒಂದೆರಡು ನಿಮಿಷದಲ್ಲಿ ಹೇಳಿ ಕೂರುತ್ತಾರೆ. ಸಚಿವರು ಆಗಲೇ ಉತ್ತರ ಕೊಡಬೇಕೆಂಬ ಕಡ್ಡಾಯ ಇಲ್ಲ. 1881ರ ದಸರಾ ಸಭೆಗೆ ಅತ್ಯಂತ ಸಮೀಪದ ಬಂಧು ಇದೇ. 377ನೆಯ ನಿಯಮದಡಿ ಓದುವ ವಿಷಯಗಳೂ ಇದೇ ಕುಲದವು. ಹೊತ್ತಿಲ್ಲದ ದಿನ ಅವುಗಳನ್ನು ಓದದೆ ಮೇಜಿನ ಮೇಲೆ ಇಟ್ಟರೂ ಓದಿದಂತೆಯೇ ಲೆಕ್ಕ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗ 2011-12ರ ಸಾಲಿನಲ್ಲಿ ಮಂಜೂರಾಯಿತು. ಹಳಿ ಹಾಕುವುದಕ್ಕಿಂತ ವೇಗವಾಗಿ ಅದರ ಪ್ರಸ್ತಾಪಗಳು ಕಡತದಲ್ಲಿ ಸಾಗಿವೆ.

ಗದ್ದಲದ ದಿನಗಳಲ್ಲಿ ಈ ಹಂತಕ್ಕೆ ಬರುವ ಮೊದಲೇ ಸದಸ್ಯರು ಬಾವಿಗೆ ಇಳಿದಿರುತ್ತಾರೆ. ಭಿತ್ತಿಪತ್ರ ಹಿಡಿಯುವುದು, ಘೋಷಣೆ ಕೂಗುವುದು, 12ಕ್ಕೆ ಮುಂದೂಡಿಕೆ, 2ಕ್ಕೆ ಮುಂದೂಡಿಕೆ, ದಿನದ ಮಟ್ಟಿಗೆ ಮುಂದೂಡಿಕೆ, ಇದು ಕ್ರಮ. ಆಳುವ ಪಕ್ಷ ಬದಲಾದಾಗ ಬಾವಿಗೆ ಇಳಿಯುವವರೂ ಅದನ್ನು ಖಂಡಿಸುವವರೂ ಸ್ಥಾನ ಬದಲಿಸಿಕೊಳ್ಳುತ್ತಾರೆ. ಭಾಷಣಗಳನ್ನು ಬದಲಿಸುವ ಅಗತ್ಯ ಇಬ್ಬರಿಗೂ ಬಿದ್ದಿಲ್ಲ.

ಮಧ್ಯಾಹ್ನ 2ರ ಮೇಲೆ ಮಸೂದೆಗಳ ಚರ್ಚೆ. ಸದನ ನಡೆಯಲು ಒಟ್ಟು ಸದಸ್ಯರಲ್ಲಿ ಹತ್ತರಲ್ಲೊಂದು ಪಾಲು ಹಾಜರಿರಬೇಕೆಂದು ಸಂವಿಧಾನದ 100ನೆಯ ವಿಧಿ ಹೇಳುತ್ತದೆ. ಕೋರಂ ಇಲ್ಲವೆಂದು ಯಾರಾದರೂ ಎದ್ದು ಹೇಳುವವರೆಗೆ ಇದೆಯೆಂದೇ ನಂಬಿಕೊಂಡು ಕಲಾಪ ಸಾಗುತ್ತದೆ. ತೋಟಕ್ಕೆ ನೀರು ಬಿಟ್ಟು ಮನೆಗೆ ಹೋದವರ ನಂಬಿಕೆಯೂ ಇದೇ ತರಹದ್ದು.

ಭಾಷೆಯ ವಿಷಯದಲ್ಲಿ ಒಂದು ದಾಖಲೆ ಉಲ್ಲೇಖಾರ್ಹ. ಸಂವಿಧಾನದ 120ನೆಯ ವಿಧಿಯಂತೆ ಸಂಸತ್ತಿನ ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಈ ಎರಡರಲ್ಲೂ ಸರಿಯಾಗಿ ಹೇಳಲಾಗದವರಿಗೆ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತಾಡಲು ಅನುಮತಿ ಕೊಡಬಹುದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಸಮಾಜವಾದಿ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಮೊದಲಿಗರೆನಿಸಿದರು. ಈಗ ಭಾಷಾಂತರಕಾರರ ಏರ್ಪಾಡು ಇರುವುದರಿಂದ ಕನ್ನಡದ ಪ್ರಶ್ನೆ ಎಲ್ಲರ ಕಿವಿಗೂ ಅವರವರ ಭಾಷೆಯಲ್ಲಿ ತಲುಪುತ್ತದೆ. ಹೀಗಾಗಿ ‘ಪ್ರಶ್ನೆ ಅರ್ಥವಾಗಲಿಲ್ಲ’ ಎಂಬ ಉತ್ತರ ಮಟ್ಟಗಳ ಪಟ್ಟಿಯಿಂದ ಬಿಟ್ಟುಹೋಗಿದೆ.

7. ಭರವಸೆಗಳ ಸಂರಕ್ಷಣೆ

ಸಚಿವರು ಆಡಿದ ಮಾತು ಗಾಳಿಗೆ ಹೋಗಬಾರದೆಂದು ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಯಾವ ಯಾವ ಮಾತು ಭರವಸೆ ಎನಿಸುತ್ತದೆ ಎಂಬುದಕ್ಕೆ ಒಂದು ಅಧಿಕೃತ ಪಟ್ಟಿಯೇ ಉಂಟು. ‘ವಿಷಯ ಪರಿಶೀಲನೆಯಲ್ಲಿದೆ’, ‘ವಿಚಾರಿಸುತ್ತೇನೆ’ ಎಂಬಂಥವು ಅದರಲ್ಲಿ ಸೇರುತ್ತವೆ. ಹೀಗೆ ಹೇಳಿದ್ದನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು; ಆಗದಿದ್ದರೆ ಸಚಿವಾಲಯ ಅವಧಿ ವಿಸ್ತರಣೆ ಕೇಳಬೇಕು. ವಿಸ್ತರಣೆ ಕೇಳಿದ ಅರ್ಜಿಯೂ ಪರಿಶೀಲನೆಗೆ ಒಳಗಾಗುತ್ತದೆ. ಜಲಾಶಯಶಾಸ್ತ್ರದಲ್ಲಿ ಇದಕ್ಕೆ ಸಮತೋಲನ ಜಲಾಶಯವೆಂದು ಹೆಸರು: ಮೇಲಿನ ಕಟ್ಟೆಯಿಂದ ಬಿಟ್ಟದ್ದನ್ನು ಕೆಳಗೆ ಇನ್ನೊಮ್ಮೆ ನಿಲ್ಲಿಸಿಕೊಳ್ಳುವುದು.

8. ಮತಭೇದಗಳು

ಈ ಶಾಸ್ತ್ರದಲ್ಲಿ ಮೂರು ಪಕ್ಷಗಳಿವೆ. ಹಿರಿಯೂರು ಕಡೆಯ ತೂಬಿನವರು ಉತ್ತರದಲ್ಲಿ ಎಷ್ಟು ಹೊರಬಂತು ಎಂಬುದನ್ನಷ್ಟೇ ನೋಡಬೇಕೆನ್ನುತ್ತಾರೆ. ಹೊಸದುರ್ಗದ ಹಿನ್ನೀರಿನವರು ಇದನ್ನು ಒಪ್ಪುವುದಿಲ್ಲ. ಜಲಾಶಯ ತುಂಬಿದಾಗ ತಮ್ಮ ತೋಟ, ದಾರಿ ಮುಳುಗುತ್ತದೆಂಬುದು ಅವರ ಅನುಭವ. ಪ್ರತಿ ಉತ್ತರದ ಹಿಂದೆಯೂ ಯಾರೋ ಮುಳುಗಿರುತ್ತಾರೆ, ಅವರ ಪ್ರಶ್ನೆ ಪಟ್ಟಿಗೇ ಏರಿರುವುದಿಲ್ಲ ಎಂದು ಅವರ ವಾದ. ಮೂವರಲ್ಲಿ ಪ್ರಬಲವಾದ ವಾದ ಇದೇ. ಆದ್ದರಿಂದ ಅದಕ್ಕೆ ಖಂಡನೆ ಬರೆಯಲು ಯಾರೂ ಮುಂದೆ ಬಂದಿಲ್ಲ.

ಮೂರನೆಯವರು ಕೋಡಿಯವರು. ತಡವಾದರೂ ತುಂಬಿಯೇ ತುಂಬುತ್ತದೆ ಎಂಬುದು ಅವರ ನಿಲುವು. 1957ರಲ್ಲಿ ಜೀವವಿಮಾ ನಿಗಮ ಮುಂದ್ರಾ ಕಂಪನಿಗಳಲ್ಲಿ ಹಣ ಹೂಡಿದ್ದರ ಬಗ್ಗೆ ಲೋಕಸಭೆಯಲ್ಲಿ ಎದ್ದ ಪ್ರಶ್ನೆಯನ್ನು ಅವರು ಉದಾಹರಿಸುತ್ತಾರೆ. ಮೊದಲ ಉತ್ತರಗಳು ಸಾಲಲಿಲ್ಲ, ಆಳುವ ಪಕ್ಷದವರೇ ಆದ ಫಿರೋಜ್ ಗಾಂಧಿ ಸದನದಲ್ಲಿ ವಿಷಯವನ್ನು ಕೆದಕಿದರು, ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಒಂದು ಪ್ರಶ್ನೆ ಹೀಗೆ ಕಟ್ಟೆ ಮೀರಿ ಹರಿದದ್ದುಂಟು.

ತೂಬಿನವರ ಪ್ರತ್ಯುತ್ತರವೂ ಗಟ್ಟಿಯಾಗಿದೆ. ಮಾರಿಕಣಿವೆ 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ ಕೋಡಿ ಬಿದ್ದದ್ದು ಮಳೆಯಿಂದ ಮತ್ತು ಭದ್ರೆಯಿಂದ ಎತ್ತಿ ವೇದಾವತಿಗೆ ಹರಿಸಿದ ನೀರಿನಿಂದ. ಕಾದದ್ದರಿಂದ ಅದು ತುಂಬಲಿಲ್ಲ, ಮೇಲಿನಿಂದ ನೀರು ಬಂದದ್ದರಿಂದ ತುಂಬಿತು. 1957ರಲ್ಲೂ ಕೇಳಿದವರು ಒಂದು ಉತ್ತರಕ್ಕೆ ಸುಮ್ಮನಾಗಿದ್ದರೆ 60 ಅಡಿಯಲ್ಲೇ ನಿಲ್ಲುತ್ತಿತ್ತು. ಈ ವಾದವನ್ನು ಕೋಡಿಯವರು ಪರಿಶೀಲಿಸುತ್ತಿದ್ದಾರೆ.

9. ದಿನದ ಮುಕ್ತಾಯ

ಸಂಜೆ ಆರಕ್ಕೆ ಸಾಮಾನ್ಯವಾಗಿ ಕಲಾಪ ಮುಗಿದು ಸದನವನ್ನು ಮರುದಿನ 11ಕ್ಕೆ ಮುಂದೂಡಲಾಗುತ್ತದೆ. ವಾರದ ಕೆಲವು ದಿನ ಕೊನೆಯ ಅರ್ಧ ಗಂಟೆಯನ್ನು, ಸಿಕ್ಕ ಉತ್ತರಕ್ಕೆ ಇನ್ನಷ್ಟು ವಿವರಣೆ ಬೇಕೆನ್ನುವವರ ಚರ್ಚೆಗೆ ಇಡಲಾಗಿದೆ. ಶುಕ್ರವಾರ ಮಧ್ಯಾಹ್ನದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರ ಮಸೂದೆ, ನಿರ್ಣಯಗಳಿಗೆ ಮೀಸಲು. ಊರಿನ ವಿಮಾನ, ರೈಲುಗಳು ಹೊರಡುವುದೂ ಅದೇ ಹೊತ್ತಿಗೆ.

ಅಧಿವೇಶನ ಅಂತ್ಯಗೊಂಡರೆ ಮಸೂದೆ ಮಂಡನೆಯ ಸೂಚನೆಗಳನ್ನು ಬಿಟ್ಟು ಉಳಿದ ಬಾಕಿ ಸೂಚನೆಗಳೆಲ್ಲ ಬಿದ್ದುಹೋಗುತ್ತವೆ. ಮುಂದಿನ ಅಧಿವೇಶನದಲ್ಲಿ ನೀರಿನ ಪ್ರಶ್ನೆ ಕೇಳಬೇಕಾದರೆ ಹೊಸದಾಗಿ ಬರೆಯಬೇಕು, 150 ಪದ ಮೀರಬಾರದು, ಹಿಂದೆ ಕೇಳಿದ್ದರ ಸಾರ ಅದರಲ್ಲಿ ಇರಬಾರದು. ಸೂಚನೆಯನ್ನು 15 ದಿನ ಮುಂಚೆ ಕೊಡಬೇಕು.